ದಂಡನಾಯಕ ಗಂಗರಾಜ: ಒಂದು ಅಧಿಕಾರಿ ಮನೆತನದ ಶಾಸನಚರಿತ್ರೆ

1

ಮಧ್ಯಕಾಲೀನ ಕರ್ನಾಟಕದ ಅರಸರ ಚರಿತ್ರೆಯನ್ನು ಬರೆದಷ್ಟು ಸುಲಭವಾಗಿ ಅವರ ಅಧಿಕಾರಿಗಳ ಚರಿತ್ರೆಯನ್ನು ಬರೆಯಲಾಗುವುದಿಲ್ಲ. ಪ್ರಶಸ್ತಿಕಾವ್ಯವು ಅರಸನನ್ನು ಕೇಂದ್ರದಲ್ಲಿರಿಸಿಕೊಂಡೇ ಮಾತನಾಡುತ್ತದೆ. ಸಂಧಿವಿಗ್ರಹಿ, ಹೆಗ್ಗಡೆ, ದಂಡನಾಯಕ ಮೊದಲಾದವರು ಅದರ ಅಂಚಿನಲ್ಲಿ ಬಂದು ಹೋಗುತ್ತಾರೆ. ಇಂಥವರ ಪೈಕಿ ಒಬ್ಬ ವ್ಯಕ್ತಿಯ ಹುಟ್ಟುಮನೆ, ಯುದ್ಧ, ಅಧಿಕಾರ, ದಾನ, ಸಾವುನೋವು, ಮರಣೋತ್ತರ ಸ್ಮರಣೆ ಇವೆಲ್ಲವೂ ಒಂದೇ ಶಾಸನಸಮುದಾಯದಲ್ಲಿ ದೊರೆಯುವುದು ಅಪರೂಪ. ಹೊಯ್ಸಳ ವಿಷ್ಣುವರ್ಧನನ ಮಹಾಪ್ರಧಾನನೂ ದಂಡನಾಯಕನೂ ಆಗಿದ್ದ ಗಂಗರಾಜನು ಅಂಥ ಅಪರೂಪದ ನಿದರ್ಶನ.

ಗಂಗರಾಜನನ್ನು ಕುರಿತ ಬರವಣಿಗೆ ಹೊಸದಲ್ಲ. ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದಂದಿನಿಂದ, ಅದರಲ್ಲಿಯೂ ಆರ್. ನರಸಿಂಹಾಚಾರ್ಯರ ಪರಿಷ್ಕೃತ ಸಂಪುಟವು 1923ರಲ್ಲಿ ಬಂದ ಮೇಲೆ, ಅವನ ಹೆಸರು ಹೊಯ್ಸಳ ಇತಿಹಾಸದ ಎಲ್ಲ ಗ್ರಂಥಗಳಲ್ಲಿಯೂ ಬರುತ್ತದೆ. ಆದರೆ ಅವನು ಸಾಮಾನ್ಯವಾಗಿ ಎರಡು ತುಂಡುಗಳಾಗಿ ಕಾಣಿಸಿಕೊಳ್ಳುತ್ತಾನೆ. ರಾಜಕೀಯ ಇತಿಹಾಸಕಾರರಿಗೆ ಅವನು ತಲಕಾಡನ್ನು ಗೆದ್ದ ಸೇನಾನಿ. ಧಾರ್ಮಿಕ ಇತಿಹಾಸಕಾರರಿಗೆ ಜಿನಧರ್ಮದ ಮಹಾಪೋಷಕ. ಶಾಸನಗಳಲ್ಲಿ ಈ ಎರಡು ತುಂಡುಗಳ ನಡುವೆ ಇಂಥ ಬಿರುಕಿಲ್ಲ. ಯುದ್ಧದ ಫಲವು ದಾನವಾಗುವ ಬಗೆ, ಮನೆತನದ ಹಿತವು ನಾಡಿನ ಆಸ್ತಿಯಾಗುವ ಬಗೆ, ಸ್ವಾಮಿನಿಷ್ಠೆಗೂ ಸ್ವಧರ್ಮಕ್ಕೂ ಹೊಂದಾಣಿಕೆ ಏರ್ಪಡುವ ಬಗೆ ಇವೇ ಅವುಗಳ ನಿಜವಾದ ವಸ್ತು. ಆ ದೃಷ್ಟಿಯಿಂದ ಈ ಶಾಸನಗಳನ್ನು ಮತ್ತೊಮ್ಮೆ ಓದುವುದು ಪ್ರಸ್ತುತ ಲೇಖನದ ಉದ್ದೇಶ.

2

ಗಂಗರಾಜನ ವಂಶಾವಳಿಯನ್ನು ಶ್ರವಣಬೆಳಗೊಳದ ಶಾಸನಗಳು ಮೂರು ತಲೆಮಾರುಗಳಷ್ಟು ಸ್ಪಷ್ಟವಾಗಿ ಕೊಡುತ್ತವೆ. ಅಜ್ಜ ಮಾರ, ಅಜ್ಜಿ ಮಾಕಣಬ್ಬೆ. ಅವರ ಮಗ ಕೌಂಡಿನ್ಯಗೋತ್ರದ ಏಚ. ಇವನನ್ನು ಏಚಿಗ, ಏಚಿರಾಜ ಎಂದೂ ಬುಧಮಿತ್ರನೆಂದೂ ಕರೆದಿದೆ. ಏಚನ ಹೆಂಡತಿ ಪೋಚಿಕಬ್ಬೆ. ಇವರ ಮಕ್ಕಳು ಬಮ್ಮ ಮತ್ತು ಗಂಗರಾಜ. ಗಂಗವಾಡಿಯ ಗಂಗ ಅರಸುಮನೆತನಕ್ಕೂ ಈ ಗಂಗರಾಜನಿಗೂ ಹೆಸರಿನ ಸಾಮ್ಯವಿದೆಯೆಂಬುದನ್ನು ಬಿಟ್ಟರೆ ರಕ್ತಸಂಬಂಧವನ್ನು ಈ ವಂಶಾವಳಿ ಹೇಳುವುದಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೆಂದರೆ ಏಚನು ನೃಪಕಾಮ ಹೊಯ್ಸಳನ ಆಶ್ರಯದಲ್ಲಿದ್ದನೆಂಬುದು. ನೃಪಕಾಮನು 11ನೆಯ ಶತಮಾನದ ಮೊದಲರ್ಧಕ್ಕೆ ಸೇರಿದವನು. ಆಗ ಹೊಯ್ಸಳರು ಮಲೆನಾಡಿನ ಅಂಚಿನ ಚಿಕ್ಕ ಪಾಳೆಯದ ಒಡೆಯರಾಗಿದ್ದರು, ದೋರಸಮುದ್ರದ ವೈಭವ ಇನ್ನೂ ದೂರದಲ್ಲಿತ್ತು. ಎಂದರೆ ಏಚನ ಮನೆತನವು ಬೆಳೆದು ನಿಂತ ರಾಜ್ಯವೊಂದರ ಅಧಿಕಾರವನ್ನು ಅರಸಿ ಬಂದದ್ದಲ್ಲ. ರಾಜವಂಶ ಸಣ್ಣದಾಗಿದ್ದಾಗಲೇ ಅದರೊಡನೆ ಸೇರಿ, ಅದರೊಡನೆಯೇ ಬೆಳೆದದ್ದು. ಗಂಗರಾಜನ ಬಿರುದುಗಳಲ್ಲಿ ಒಂದು ಅವನನ್ನು ವಿಷ್ಣುವರ್ಧನನ ರಾಜ್ಯಾಭಿಷೇಕದ ಪೂರ್ಣಕುಂಭ ಎಂದು ಕರೆಯುತ್ತದೆ. ಅರಸನ ಪಟ್ಟಾಭಿಷೇಕಕ್ಕೆ ಮಂಗಳದ್ರವ್ಯವಾಗಿ ಒದಗಿದವನು ತಾನೆಂದು ಅಧಿಕಾರಿಯೊಬ್ಬನು ಕಲ್ಲಿನ ಮೇಲೆ ಬರೆಸಿಕೊಳ್ಳಬೇಕಾದರೆ, ಅರಸುಮನೆಗೂ ಆ ಮನೆತನಕ್ಕೂ ಇದ್ದ ಸಂಬಂಧವನ್ನು ಕೇವಲ ಆಳು–ಒಡೆಯರ ಸಂಬಂಧವೆನ್ನಲಾಗದು.

ಅಣ್ಣ ಬಮ್ಮನೂ ಚಮೂಪನೇ. ಬಮ್ಮ ಮತ್ತು ಬಾಗಣಬ್ಬೆಯರ ಮಗ ಏಚನು ದಂಡನಾಯಕನಾದನು. ಗಂಗರಾಜನ ಮಗ ಬೊಪ್ಪನೂ ದಂಡನಾಯಕನಾದನು. ಅಜ್ಜನ ಹೆಸರು ಮೊಮ್ಮಗನಿಗೆ ಬಂದಂತೆ ಪದವಿಯೂ ಬಂದಿತು. ಇಂಥ ಮನೆತನಗಳು ಹೊಯ್ಸಳರಿಗೆ ಮಾತ್ರ ವಿಶಿಷ್ಟವಲ್ಲ. ಕಲ್ಯಾಣ ಚಾಳುಕ್ಯರಲ್ಲಿ ಮಲ್ಲಪ, ಪುನ್ನಮಯ್ಯ, ದಲ್ಲಪ, ನಾಗದೇವರ ಮನೆತನಗಳನ್ನು ರನ್ನನ ಓದುಗರೆಲ್ಲರೂ ಬಲ್ಲರು. ದಾನಚಿಂತಾಮಣಿ ಅತ್ತಿಮಬ್ಬೆ ಅಲ್ಲಿಯವಳೇ. ಮುಂದೆ ಕಾಣುವಂತೆ, ಗಂಗರಾಜನ ಶಾಸನಕವಿಗೂ ಆ ಮಾದರಿಯ ನೆನಪಿತ್ತು.

3

ಗಂಗರಾಜನ ಸೈನಿಕಜೀವನದಲ್ಲಿ ಎರಡು ಘಟನೆಗಳು ಮುಖ್ಯವಾದವು. ಮೊದಲನೆಯದು ಸುಮಾರು 1116ರ ತಲಕಾಡಿನ ವಿಜಯ. ಸುಮಾರು 1004ರಲ್ಲಿ ಗಂಗರಿಂದ ಚೋಳರ ಕೈಸೇರಿ ರಾಜರಾಜಪುರವೆನಿಸಿಕೊಂಡಿದ್ದ ತಲಕಾಡು ಒಂದು ಶತಮಾನಕ್ಕೂ ಮೀರಿ ಅವರ ಅಧೀನದಲ್ಲಿತ್ತು. ಗಂಗವಾಡಿಯ ಗಡಿಯಲ್ಲಿ ಬೀಡುಬಿಟ್ಟಿದ್ದ ಚೋಳಸಾಮಂತ ಅದಿಯಮನು ತನಗೆ ಚೋಳನು ಕೊಟ್ಟ ನಾಡನ್ನು ಬಿಡೆನೆಂದೂ ಬೇಕಾದರೆ ಕಾದಿ ಪಡೆಯಲೆಂದೂ ಹೇಳಿಕಳುಹಿದನೆಂದು ಶಾಸನ ತಿಳಿಸುತ್ತದೆ. ಗಂಗರಾಜನು ಕಾದಿ ಪಡೆದನು. ದಾಮೋದರ, ನರಸಿಂಹವರ್ಮ ಮೊದಲಾದ ಚೋಳಪಕ್ಷದ ನಾಯಕರು ಹಿಮ್ಮೆಟ್ಟಿದರು. ವಿಷ್ಣುವರ್ಧನನು ತಲಕಾಡುಗೊಂಡನೆನಿಸಿಕೊಂಡನು.

ಈ ಯುದ್ಧಗಳ ಸಂದರ್ಭದಲ್ಲಿಯೇ ಒಂದು ಪವಾಡದ ಉಲ್ಲೇಖ ಬರುತ್ತದೆ. ಹಿಂದೆ ಅತ್ತಿಮಬ್ಬೆಯ ಜಿನಭಕ್ತಿಗೆ ಗೋದಾವರಿಯ ಪ್ರವಾಹ ನಿಂತಂತೆ, ಉಕ್ಕಿಬಂದು ಸುತ್ತುವರಿದ ಕಾವೇರಿಯೂ ಗಂಗರಾಜನನ್ನು ಮುಟ್ಟಲಿಲ್ಲವಂತೆ. ಇದನ್ನು ಐತಿಹಾಸಿಕ ಘಟನೆಯಾಗಿ ಪರಿಶೀಲಿಸುವ ಅಗತ್ಯವಿಲ್ಲ. ಆದರೆ ಚಾಳುಕ್ಯರ ಅಧಿಕಾರಿ ಮನೆತನವೊಂದರ ಹೆಣ್ಣುಮಗಳ ಕಥೆ ಒಂದು ಶತಮಾನದ ಬಳಿಕ ಹೊಯ್ಸಳರ ಅಧಿಕಾರಿಗೆ ಉಪಮಾನವಾಯಿತೆಂಬುದು ನಿಶ್ಚಯವಾಗಿಯೂ ಐತಿಹಾಸಿಕ ಸಂಗತಿ. ರಾಜ್ಯಗಳ ಗಡಿಯನ್ನು ದಾಟಿದ ಸ್ಮೃತಿಪರಂಪರೆಯೊಂದು ಈ ವರ್ಗಕ್ಕೆ ಇತ್ತೆಂಬುದನ್ನು ಅದು ಸೂಚಿಸುತ್ತದೆ.

ಎರಡನೆಯದು ಕಣ್ಣೆಗಾಲದ ರಾತ್ರಿಯ ದಾಳಿ. 1118ರ ಶಾಸನದ ಪ್ರಕಾರ, ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸೈನ್ಯವು ಹನ್ನೆರಡು ಮಂದಿ ಸಾಮಂತರೊಡನೆ ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದಾಗ, ಗಂಗರಾಜನು ಕುದುರೆಯೇರಿ ಇರುಳಿನಲ್ಲಿಯೇ ಮೇಲೆಬಿದ್ದು, ಆ ಪಡೆಯನ್ನು ಚದುರಿಸಿ, ಅದರ ವಸ್ತುವಾಹನಗಳನ್ನು ತಂದು ತನ್ನ ಅರಸನಿಗೆ ಒಪ್ಪಿಸಿದನು.

4

ಎರಡು ವಿಜಯಗಳ ಬಳಿಕವೂ ಶಾಸನಗಳು ಒಂದೇ ಬಗೆಯ ಪ್ರಸಂಗವನ್ನು ಹೇಳುತ್ತವೆ. ಅರಸನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆನ್ನುತ್ತಾನೆ. ರಾಜ್ಯವನ್ನಾಗಲಿ ಧನವನ್ನಾಗಲಿ ಬಯಸದೆ ಗಂಗರಾಜನು ಒಂದು ಊರನ್ನು ಬೇಡುತ್ತಾನೆ. ಕಣ್ಣೆಗಾಲದ ವಿಜಯದ ಬಳಿಕ ಪಡೆದ ಪರಮ ಗ್ರಾಮವು ತಾಯಿ ಪೋಚಿಕಬ್ಬೆಯೂ ಹೆಂಡತಿ ಲಕ್ಷ್ಮಿಯೂ ಮಾಡಿಸಿದ ಜಿನಾಲಯಗಳಿಗೆ ಸಂದಿತು. ತಲಕಾಡಿನ ವಿಜಯದ ಬಳಿಕ ಪಡೆದ ಗೋವಿಂದವಾಡಿಯು ಗೊಮ್ಮಟದೇವರ ಪೂಜೆಗೆ ಸಂದಿತು. ದಾನದ ಜೊತೆಗೆ ಗುರು ಶುಭಚಂದ್ರ ಸಿದ್ಧಾಂತದೇವರ ಹೆಸರು ಬರುತ್ತದೆ. ಇವರು ಮೂಲಸಂಘ, ದೇಶಿಯಗಣ, ಪುಸ್ತಕಗಚ್ಛಕ್ಕೆ ಸೇರಿದ ಕುಕ್ಕುಟಾಸನ ಮಲಧಾರಿದೇವರ ಶಿಷ್ಯರು.

ಒಂದೇ ಪ್ರಸಂಗ ಮರುಕಳಿಸುವುದನ್ನು ಕಂಡಾಗ ಸಾಹಿತ್ಯದ ವಿದ್ಯಾರ್ಥಿಗೆ ಸಹಜವಾಗಿಯೇ ಸಂದೇಹ ಬರುತ್ತದೆ. ಇದು ಜೀವನಚರಿತ್ರೆಯೋ ಕವಿಸಮಯವೋ? ವರಪ್ರದಾನ, ನಿರ್ಲೋಭತೆ, ಧರ್ಮಕ್ಕಾಗಿ ಯಾಚನೆ ಇವು ನಮ್ಮ ಕಾವ್ಯಗಳಿಗೂ ಪುರಾಣಗಳಿಗೂ ಪರಿಚಿತವಾದ ಆಶಯಗಳು. ಇಷ್ಟಕ್ಕೇ ಈ ಪ್ರಸಂಗವನ್ನು ಅಲಂಕಾರವೆಂದು ತಳ್ಳಿಹಾಕುವುದು ಅವಸರದ ತೀರ್ಮಾನವಾದೀತು. ದಾನಶಾಸನವು ಮೂಲತಃ ಹಕ್ಕಿನ ದಾಖಲೆ. ಊರೊಂದರ ಆದಾಯವನ್ನು ದೇವರಿಗೆ ಬಿಡಬೇಕಾದರೆ ಆ ಊರು ದಾನಿಯ ಕೈಗೆ ಹೇಗೆ ಬಂದಿತೆಂಬುದನ್ನು ತೋರಿಸಬೇಕು. ಅರಸನು ಮೆಚ್ಚಿ ಕೊಟ್ಟನು, ಪಡೆದವನು ಅದನ್ನು ಗುರುವಿನ ಪಾದ ತೊಳೆದು ಧಾರೆಯೆರೆದನು ಎಂಬ ಕ್ರಮದಲ್ಲಿ ಎರಡು ಹಸ್ತಾಂತರಗಳಿವೆ. ಕವಿ ಹೇಳಿದ ವರಪ್ರಸಂಗವು ಮೊದಲನೆಯ ಹಸ್ತಾಂತರಕ್ಕೆ ಪ್ರಮಾಣ. ಆದ್ದರಿಂದ ಅದರ ಮಾತು ಸಿದ್ಧಮಾದರಿಯದಾಗಿದ್ದರೂ ಅದು ನಿರ್ವಹಿಸುವ ಕೆಲಸ ವ್ಯಾವಹಾರಿಕವಾದುದು.

ಇದರಿಂದ ಮನೆತನಕ್ಕೆ ಲಾಭವಿರಲಿಲ್ಲವೆಂದು ಹೇಳಲಾಗದು. ತಾಯಿ ಮತ್ತು ಹೆಂಡತಿ ಕಟ್ಟಿಸಿದ ಬಸದಿಗಳಿಗೆ ಅರಸನ ಅನುಮೋದನೆಯುಳ್ಳ ಶಾಶ್ವತ ಆದಾಯ ದೊರೆಯಿತು, ಮನೆತನದ ಹೆಸರೂ ನಿಂತಿತು. ಆದರೆ ಆ ಆದಾಯವು ಮನೆತನದ ಉಂಬಳಿಯಾಗಲಿಲ್ಲ. ಅಧಿಕಾರಿ ಪದವಿ ವಂಶಪಾರಂಪರ್ಯವಾಗಿ ಸಾಗುತ್ತಿದ್ದಾಗಲೂ ಯುದ್ಧದ ಬಹುಮಾನವನ್ನು ವಂಶದ ಆಚೆಗೆ ಸಾಗಿಸುವ ದಾರಿಯೊಂದಿತ್ತು ಎಂಬುದು ಇಲ್ಲಿನ ತಿರುಳು.

ಇದೇ ಕಾಲದ ಮತ್ತೊಬ್ಬ ಅಧಿಕಾರಿಯ ದಾಖಲೆ ಈ ಮಾತನ್ನು ಸಮರ್ಥಿಸುತ್ತದೆ. ಸಂಧಿವಿಗ್ರಹಿ ದಂಡನಾಯಕ ಪುಣಿಸನ 1117ರ ಚಾಮರಾಜನಗರ ಶಾಸನವು ಅವನ ನೀಲಗಿರಿಯ ದಂಡಯಾತ್ರೆಯನ್ನು ಹೇಳಿದ ಬಳಿಕ, ಕೆಟ್ಟುಹೋದ ವರ್ತಕನಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೆ, ಅಧಿಕಾರ ಕಳೆದುಕೊಂಡ ಕಿರಾತನಾಯಕನಿಗೆ ಅವರವರು ಕಳೆದುಕೊಂಡುದನ್ನು ಅವನು ಒದಗಿಸಿಕೊಟ್ಟನೆಂದು ಹೊಗಳುತ್ತದೆ. ಯುದ್ಧವು ನಾಡಿಗೆ ಏನು ಮಾಡುತ್ತದೆಂಬ ಅರಿವು ಈ ಪಟ್ಟಿಯ ಹಿಂದೆ ಇದೆ. ಗೆದ್ದ ಸೇನಾನಿಯೇ ನಾಡನ್ನು ಮತ್ತೆ ನಿಲ್ಲಿಸಬೇಕೆಂಬುದು ಆ ಕಾಲದ ಅಪೇಕ್ಷೆಯಾಗಿತ್ತು. ಗಂಗರಾಜನು ಗಂಗವಾಡಿ ತೊಂಬತ್ತಾರುಸಾಸಿರದ ಬಸದಿಗಳನ್ನೆಲ್ಲ ಜೀರ್ಣೋದ್ಧಾರ ಮಾಡಿಸಿದನೆಂಬ ಹೇಳಿಕೆಯನ್ನು ಅಕ್ಷರಶಃ ತೆಗೆದುಕೊಳ್ಳದಿದ್ದರೂ ಈ ಹಿನ್ನೆಲೆಯಲ್ಲಿ ಓದಬೇಕು.

5

ಗಂಗರಾಜನ ಬಿರುದುಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದುದು ದ್ರೋಹಘರಟ್ಟ. ಘರಟ್ಟವೆಂದರೆ ಬೀಸುವ ಕಲ್ಲು. ಸ್ವಾಮಿದ್ರೋಹಿಗಳನ್ನು ಹಿಟ್ಟುಮಾಡುವವನು ಎಂದು ತಾತ್ಪರ್ಯ. ದೋರಸಮುದ್ರದ 1133ರ ಶಾಸನವು ಅವನ ಬಾಯಲ್ಲಿ ಏಳು ನರಕಗಳ ಒಂದು ಪಟ್ಟಿಯನ್ನು ಇಟ್ಟಿದೆ. ಸುಳ್ಳಾಡುವುದು, ಯುದ್ಧದಲ್ಲಿ ಹೆದರುವುದು, ಪರಸ್ತ್ರೀಯನ್ನು ಬಯಸುವುದು, ಮರೆಹೊಕ್ಕವರನ್ನು ಬಿಟ್ಟುಕೊಡುವುದು, ಬೇಡಿದವರನ್ನು ತಣಿಸದಿರುವುದು, ತನ್ನನ್ನು ನಂಬಿದವರನ್ನು ಕೈಬಿಡುವುದು, ಒಡೆಯನಿಗೆ ದ್ರೋಹ ಬಗೆಯುವುದು. ಜೈನಾಗಮದಲ್ಲಿ ರತ್ನಪ್ರಭೆ ಮೊದಲಾಗಿ ಏಳು ನರಕಭೂಮಿಗಳು ಪ್ರಸಿದ್ಧ. ಆ ಸಂಖ್ಯೆಯನ್ನು ಉಳಿಸಿಕೊಂಡು, ಅಲ್ಲಿನ ಪಾಪಫಲದ ಸ್ಥಾನಗಳ ಬದಲಿಗೆ ಯೋಧನೂ ಅಧಿಕಾರಿಯೂ ಆದವನ ನಡತೆಯ ಏಳು ತಪ್ಪುಗಳನ್ನು ಕವಿ ಇಟ್ಟಿದ್ದಾನೆ. ನರಕವು ಪರಲೋಕದಲ್ಲಿಲ್ಲ, ಈ ತಪ್ಪುಗಳೇ ನರಕ ಎಂಬ ಧ್ವನಿ ಅಲ್ಲಿದೆ. ಏಳರಲ್ಲಿ ಮೂರು ಆಶ್ರಿತರನ್ನು ಕುರಿತವು, ಒಡೆಯನನ್ನು ಕುರಿತದ್ದು ಒಂದು. ಎಂದರೆ ನಿಷ್ಠೆಯು ಮೇಲ್ಮುಖವಾದ ಕರ್ತವ್ಯ ಮಾತ್ರವಲ್ಲ, ಕೆಳಮುಖವಾದ ಕರ್ತವ್ಯವೂ ಹೌದು.

ಆದರೆ ದ್ರೋಹವೆಂಬ ಮಾತನ್ನು ಶಾಸನ ಬಳಸುವಂತೆ ನಾವು ಪ್ರಶ್ನೆಯಿಲ್ಲದೆ ಬಳಸಲಾಗದು. 1118ರ ವೇಳೆಗೆ ಹೊಯ್ಸಳರು ಕಲ್ಯಾಣದ ಚಾಳುಕ್ಯರ ಮಹಾಮಂಡಲೇಶ್ವರರೇ ಆಗಿದ್ದರು. ಕಣ್ಣೆಗಾಲದಲ್ಲಿ ಇರುಳುದಾಳಿಗೆ ಒಳಗಾದುದು ಹೊಯ್ಸಳರ ಸಾರ್ವಭೌಮನ ಸೈನ್ಯ. ಕಲ್ಯಾಣದಿಂದ ನೋಡಿದರೆ ದ್ರೋಹಿ ಯಾರೆಂಬುದು ಸ್ಪಷ್ಟ. ಚಕ್ರವರ್ತಿಯ ಆಜ್ಞೆಯಂತೆ ಹೊಯ್ಸಳನನ್ನು ಬೆನ್ನಟ್ಟಿ ಸೋಲಿಸಿದೆನೆಂದು ಸಿಂದರ ಆಚುಗಿಯ ಪಕ್ಷದ ಶಾಸನಗಳು ಹೇಳಿಕೊಳ್ಳುತ್ತವೆ. ಶ್ರವಣಬೆಳಗೊಳದ ಕಲ್ಲುಗಳಲ್ಲಿ ಆ ಸೋಲಿನ ಸುಳಿವಿಲ್ಲ. ಗಂಗರಾಜನ ನಿಷ್ಠೆ ತನ್ನ ನೇರ ಒಡೆಯನಿಗೆ ಮೀಸಲಾದುದು, ಒಡೆಯನ ಒಡೆಯನಿಗಲ್ಲ. ಸಾಮಂತವ್ಯವಸ್ಥೆಯಲ್ಲಿ ಚಿಕ್ಕ ಅರಸುಮನೆತನಗಳು ಸ್ವತಂತ್ರ ರಾಜ್ಯಗಳಾಗಿ ಬೆಳೆದುದು ಇಂಥ ನೇರ ನಿಷ್ಠೆಯ ಬಲದಿಂದಲೇ ಎಂಬುದನ್ನು ಈ ಒಂದು ಬಿರುದು ತೋರಿಸಿಕೊಡುತ್ತದೆ.

6

ಚಂದ್ರಗಿರಿಯ ಮೇಲಿನ ಸ್ಮಾರಕಗಳಲ್ಲಿ ಗಂಗರಾಜನ ಮನೆ ಕಾಣಸಿಗುತ್ತದೆ. ಶಾಸನಬಸದಿಯು ಅವನೇ ಮಾಡಿಸಿದ್ದು. ಬಾಗಿಲ ಬಳಿಯ ಶಾಸನದಿಂದ ಅದಕ್ಕೆ ಆ ಹೆಸರು ಬಂದಿದೆ. ಪೀಠದ ಬರಹ ಅದನ್ನು ಇಂದಿರಾಕುಲಗೃಹವೆಂದು ಕರೆಯುತ್ತದೆ. ಕತ್ತಲೆಬಸದಿಯನ್ನು ಅವನು ತಾಯಿ ಪೋಚಿಕಬ್ಬೆಗಾಗಿ ಮಾಡಿಸಿದನು. ಎರಡುಕಟ್ಟೆ ಬಸದಿಯನ್ನು ಮಾಡಿಸಿದವಳು ಲಕ್ಷ್ಮಿ. ಒಂದೇ ಮನೆಯವರು ಮಾಡಿಸಿದ ಈ ಮೂರು ಬಸದಿಗಳಲ್ಲಿಯೂ ಆದಿನಾಥನೇ ದೇವರು.

ಯಶಸ್ಸಿನ ಈ ವರ್ಷಗಳ ಹಿಂದೆಯೇ ಸಾವುಗಳ ಸಾಲು ಬರುತ್ತದೆ. ಸುಮಾರು 1120ರಿಂದ 1123ರೊಳಗೆ ತಾಯಿ ಪೋಚಿಕಬ್ಬೆ ಸಲ್ಲೇಖನವ್ರತದಿಂದ ಮುಡಿಪಿದಳು, ಹೆಂಡತಿ ಲಕ್ಷ್ಮಿ ತೀರಿಕೊಂಡಳು, ಗುರು ಶುಭಚಂದ್ರರು ಸಮಾಧಿಯನ್ನು ಹೊಂದಿದರು. ಮೂವರ ನಿಷಿಧಿಗಳನ್ನೂ ಗಂಗರಾಜನೇ ನಿಲ್ಲಿಸಿದನು. ಯುದ್ಧಶಾಸನಗಳಲ್ಲಿ ಅವನನ್ನು ಅರಸನ ಪಕ್ಕದಲ್ಲಿ ಕಾಣುತ್ತೇವೆ. ನಿಷಿಧಿಶಾಸನಗಳಲ್ಲಿ ಮಗನಾಗಿ, ಗಂಡನಾಗಿ, ಶಿಷ್ಯನಾಗಿ ಕಾಣುತ್ತೇವೆ. ಪ್ರಶಸ್ತಿಯ ಶೈಲಿ ಎರಡರಲ್ಲಿಯೂ ಒಂದೇ ಆಗಿದ್ದರೂ, ವ್ಯಕ್ತಿಯ ಅಳತೆ ಬೇರೆ. ಮಧ್ಯಕಾಲದ ದಂಡನಾಯಕನೊಬ್ಬನನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ನಮಗೆ ಹೆಚ್ಚಾಗಿ ದೊರೆಯುವುದಿಲ್ಲ.

ಅಹಿಂಸಾಧರ್ಮದ ಅನುಯಾಯಿ ಯೋಧನಾಗಿದ್ದುದು ಹೇಗೆಂಬ ಪ್ರಶ್ನೆಯನ್ನು ಆಧುನಿಕರು ಕೇಳುವುದುಂಟು. ಈ ಶಾಸನಗಳಿಗೆ ಅದು ಪ್ರಶ್ನೆಯಾಗಿಯೇ ಕಾಣಲಿಲ್ಲ. ಮುನಿಯ ಮಹಾವ್ರತವೂ ಶ್ರಾವಕನ ಅಣುವ್ರತವೂ ಬೇರೆ ಬೇರೆಯೆಂಬ ವಿವೇಕ ಅವುಗಳಲ್ಲಿ ಅಂತರ್ಗತವಾಗಿದೆ. ಅದೇ ಕವಿಯು ಅದೇ ಉಸಿರಿನಲ್ಲಿ ಅವನನ್ನು ಪ್ರಚಂಡದಂಡನಾಯಕನೆಂದೂ ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ನಾಲ್ಕು ದಾನಗಳಲ್ಲಿ ವಿನೋದವುಳ್ಳವನೆಂದೂ ಹೊಗಳುತ್ತಾನೆ.

7

ವಿಂಧ್ಯಗಿರಿಯ ಗೊಮ್ಮಟನ ಸುತ್ತಣ ಸುತ್ತಾಲಯವು ಗಂಗರಾಜನ ಕೊಡುಗೆ. ಮೂರ್ತಿಯ ಪಾದಗಳ ಬಳಿ ಒಂದು ಪಾರ್ಶ್ವದಲ್ಲಿ, ಚಾವುಂಡರಾಯನು ಮೂರ್ತಿಯನ್ನು ಮಾಡಿಸಿದನೆಂಬ ಮಾತು ಕನ್ನಡದಲ್ಲಿಯೂ ತಮಿಳಿನಲ್ಲಿಯೂ, ಗಂಗರಾಜನು ಸುತ್ತಾಲಯವನ್ನು ಮಾಡಿಸಿದನೆಂಬ ಮಾತು ಕನ್ನಡದಲ್ಲಿಯೂ ಇದೆ. ಇನ್ನೊಂದು ಪಾರ್ಶ್ವದಲ್ಲಿ ಇವೆರಡೂ ಮಾತುಗಳು ನಾಗರಲಿಪಿಯ ಮರಾಠಿಯಲ್ಲಿವೆ. ಮರಾಠಿ ಭಾಷೆಯ ಪ್ರಾಚೀನ ಶಾಸನಗಳ ಚರ್ಚೆಯಲ್ಲಿ ಈ ಸಾಲುಗಳಿಗೆ ದೊಡ್ಡ ಸ್ಥಾನವಿದೆ. ಚಾವುಂಡರಾಯನ ಹೆಸರನ್ನು ಆಧರಿಸಿ ಮೊದಲನೆಯ ಸಾಲನ್ನು 10ನೆಯ ಶತಮಾನದ ಕೊನೆಗೆ ಒಯ್ದವರಿದ್ದಾರೆ. ಎರಡು ಸಾಲುಗಳ ಬರವಣಿಗೆಯೂ ಒಂದೇ ಬಗೆಯದಾದುದರಿಂದ ಎರಡೂ ಗಂಗರಾಜನ ಕಾಲದಲ್ಲಿ ಒಟ್ಟಿಗೇ ಕೊರೆದವೆಂದು ಭಾವಿಸುವುದು ಹೆಚ್ಚು ಯುಕ್ತವೆಂದು ತೋರುತ್ತದೆ. ಹಾಗಾದರೆ ಮರಾಠಿ ಮಾತಾಡುವ ಯಾತ್ರಿಕರ ಕಣ್ಣಿಗೆ ಹಿಂದಿನ ಚಾವುಂಡರಾಯನ ಹೆಸರನ್ನೂ ತನ್ನ ಹೆಸರನ್ನೂ ಜೊತೆಯಾಗಿ ಇರಿಸಿದವನು ಗಂಗರಾಜನೇ ಆಗುತ್ತಾನೆ. ಪುಣೆ, ಮುಂಬಯಿ, ಚೆನ್ನೈಗಳಲ್ಲಿ ಕನ್ನಡದ ಕೆಲಸ ಮಾಡುವವರು ಆಯಾ ಭಾಷೆಗಳ ವಿದ್ವಾಂಸರೊಡನೆ ಕೂಡಿ ಮತ್ತೆ ಪರಿಶೀಲಿಸಬೇಕಾದ ಸಾಮಗ್ರಿಯಿದು.

8

1133ರಲ್ಲಿ ಗಂಗರಾಜನು ತೀರಿಕೊಂಡನು. ಮಗ ಬೊಪ್ಪನು ತಂದೆಯ ಪರೋಕ್ಷವಿನಯವಾಗಿ ದೋರಸಮುದ್ರದಲ್ಲಿ ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿ, ತಂದೆಯ ಬಿರುದಿನಿಂದ ಅದನ್ನು ದ್ರೋಹಘರಟ್ಟ ಜಿನಾಲಯವೆಂದು ಕರೆದನು. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಅದು ಇಂದಿಗೂ ನಿಂತಿದೆ. ಪ್ರತಿಷ್ಠೆಯ ಶೇಷೆಯನ್ನು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಒಯ್ದರು. ಅದೇ ಸಮಯದಲ್ಲಿ ಅರಸನಿಗೆ ಯುದ್ಧದಲ್ಲಿ ಜಯವೂ ದೊರೆತಿತ್ತು, ಲಕ್ಷ್ಮಿದೇವಿಯಲ್ಲಿ ಮಗನೂ ಹುಟ್ಟಿದ್ದನು. ಅರಸನು ಎದ್ದು ನಿಂತು ಗಂಧೋದಕವನ್ನೂ ಶೇಷೆಯನ್ನೂ ಸ್ವೀಕರಿಸಿ, ಈ ದೇವರ ಪ್ರತಿಷ್ಠೆಯ ಪುಣ್ಯದಿಂದಲೇ ತನಗೆ ವಿಜಯವೂ ಪುತ್ರೋತ್ಸವವೂ ಆದವೆಂದು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು, ಪೂಜೆಗೆ ಜಾವಗಲ್ಲನ್ನು ಬಿಟ್ಟನು.

ಈ ಶಾಸನದ ಮಹತ್ತ್ವವನ್ನು ಒತ್ತಿ ಹೇಳಬೇಕಾಗಿದೆ. ವಿಷ್ಣುವರ್ಧನನು ರಾಮಾನುಜಾಚಾರ್ಯರ ಪ್ರಭಾವದಿಂದ ಮತಾಂತರಗೊಂಡು ಜೈನರನ್ನು ಪೀಡಿಸಿದನು, ನೂರಾರು ಬಸದಿಗಳನ್ನು ಕೆಡವಿಸಿದನು ಎಂಬ ಕಥೆ ಬಹುಕಾಲದ ಬಳಿಕದ ಐತಿಹ್ಯಗಳಲ್ಲಿ ಬರುತ್ತದೆ. ಅದು ಇಂದಿಗೂ ಭಾಷಣಗಳಲ್ಲಿಯೂ ಜನಪ್ರಿಯ ಬರಹಗಳಲ್ಲಿಯೂ ಉಳಿದಿದೆ. ಸಮಕಾಲೀನ ದಾಖಲೆಗಳು ಅದನ್ನು ಬೆಂಬಲಿಸುವುದಿಲ್ಲ. ತಲಕಾಡಿನ ವಿಜಯದ ಬಳಿಕ, 1117ರ ಹೊತ್ತಿಗೆ, ಅರಸನು ಬೇಲೂರಿನಲ್ಲಿ ವಿಜಯನಾರಾಯಣನನ್ನೂ ತಲಕಾಡಿನಲ್ಲಿ ಕೀರ್ತಿನಾರಾಯಣನನ್ನೂ ಪ್ರತಿಷ್ಠಿಸಿದನು. ಅದೇ ವಿಜಯದ ಫಲವನ್ನು ಅವನ ಸೇನಾನಿ ಗೊಮ್ಮಟನಿಗೆ ಅರ್ಪಿಸಿದನು, ಅರ್ಪಿಸಿದ ಊರನ್ನು ಕೊಟ್ಟವನು ಅರಸನೇ. 1123ರಲ್ಲಿ ಪಟ್ಟದರಸಿ ಶಾಂತಲೆ ಚಂದ್ರಗಿರಿಯಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಗಂಗರಾಜನು ಕೊನೆಯವರೆಗೂ ಗೌರವದಿಂದಿದ್ದನು, ಅವನ ಮಗನಿಗೆ ರಾಜಧಾನಿಯಲ್ಲಿಯೇ ಭವ್ಯವಾದ ಬಸದಿಯನ್ನು ಕಟ್ಟಿಸಲು ಅಡ್ಡಿಯಾಗಲಿಲ್ಲ. ಅರಸನ ಒಲವು ವೈಷ್ಣವದ ಕಡೆಗೆ ತಿರುಗಿದ್ದು ನಿಜ. ಅದರಿಂದ ರಾಜ್ಯದ ಅಧಿಕಾರಿಗಳ ಶ್ರದ್ಧೆಗೆ ಕುಂದುಂಟಾಯಿತೆಂಬುದಕ್ಕೆ ಆಧಾರವಿಲ್ಲ.

ಈ ಶಾಸನಗಳನ್ನು ಬರೆಸಿದವರು ಮನೆತನದವರೇ, ಆದ್ದರಿಂದ ಅವು ಅರಸನ ಔದಾರ್ಯವನ್ನು ಹಿಗ್ಗಿಸಿರಬಹುದೆಂದು ವಾದಿಸಬಹುದು. ಔದಾರ್ಯದ ಪ್ರಮಾಣ ಹಿಗ್ಗಿರಬಹುದು. ಆದರೆ ಊರಿನ ಹೆಸರು, ತಿಥಿ, ಗುರುಪರಂಪರೆಗಳೊಡನೆ ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಿದ ಹಕ್ಕುಪತ್ರವನ್ನು ಹಲವು ಶತಮಾನಗಳ ಬಳಿಕದ ಕಥೆಯೊಡನೆ ಸಮನಾಗಿ ತೂಗಲಾಗದು.

9

ಬೊಪ್ಪನ ಬಳಿಕ ಮನೆತನದ ಕಥೆ ಕ್ಷೀಣವಾಗುತ್ತದೆ. ಬಮ್ಮನ ಮಗ ಏಚನು 1135ರಲ್ಲಿ ಸಂನ್ಯಸನದಿಂದ ಮುಡಿಪಿದಾಗ ಬೊಪ್ಪನು ಅವನ ನಿಷಿಧಿಯನ್ನು ನಿಲ್ಲಿಸಿದನು. ಆದರೆ ಗಂಗರಾಜನ ಹೆಸರು ಅಲ್ಲಿಗೆ ನಿಲ್ಲಲಿಲ್ಲ. 1159ರಲ್ಲಿ, ನರಸಿಂಹನ ಭಂಡಾರಿಯಾದ ಹುಳ್ಳನು ಶ್ರವಣಬೆಳಗೊಳದಲ್ಲಿ ಚತುರ್ವಿಂಶತಿ ಜಿನಾಲಯವನ್ನು ಕಟ್ಟಿಸಿದನು. ಜಿನಧರ್ಮವನ್ನು ಎತ್ತಿಹಿಡಿದವರು ಯಾರೆಂಬ ಪ್ರಶ್ನೆಗೆ ಹುಳ್ಳನ ಶಾಸನವು ಮೂರು ಹೆಸರುಗಳನ್ನು ಹೇಳುತ್ತದೆ. ಮೊದಲು ರಾಚಮಲ್ಲನ ಮಂತ್ರಿ ರಾಯ, ಅನಂತರ ವಿಷ್ಣುವಿನ ಮಂತ್ರಿ ಗಂಗ, ಅವನ ಬಳಿಕ ನರಸಿಂಹನ ಮಂತ್ರಿ ಹುಳ್ಳ. ಹುಳ್ಳನು ವಾಜಿವಂಶದವನು, ಗಂಗರಾಜನು ಕೌಂಡಿನ್ಯಗೋತ್ರದವನು, ಚಾವುಂಡರಾಯನು ಗಂಗರ ಕಾಲದ ಬ್ರಹ್ಮಕ್ಷತ್ರಕುಲದವನು. ಮೂವರಿಗೂ ರಕ್ತಸಂಬಂಧವಿಲ್ಲ.

ಗಂಗರಾಜನ ಜೀವನದ ಅರ್ಥವನ್ನು ಅವನ ನಂತರದ ತಲೆಮಾರು ಹೇಗೆ ಗ್ರಹಿಸಿತೆಂಬುದಕ್ಕೆ ಈ ಸಾಲು ಸಾಕ್ಷಿ. ಮಾರ, ಏಚ, ಗಂಗ, ಬೊಪ್ಪ ಎಂಬುದು ಅವನ ಮನೆತನದ ಸಾಲು. ಪದವಿ ದೊರೆತದ್ದು ಆ ಸಾಲಿನಿಂದ. ರಾಯ, ಗಂಗ, ಹುಳ್ಳ ಎಂಬುದು ಸೇವೆಯ ಸಾಲು. ಶತ್ರುಗಳಿಂದ ಪಡೆದುದನ್ನು ಅರಸನಿಗೂ ಅರಸನಿಂದ ಪಡೆದುದನ್ನು ಊರಿನ ದೇವಾಲಯಕ್ಕೂ ದಾಟಿಸಿದವರನ್ನು ಆ ಸಾಲು ನೆನೆಯುತ್ತದೆ. ಹೊಯ್ಸಳ ರಾಜ್ಯದ ಆಡಳಿತವನ್ನು ಕುರಿತ ಅಧ್ಯಯನಗಳು ಮೊದಲನೆಯ ಸಾಲನ್ನು ವಿವರವಾಗಿ ಪರಿಶೀಲಿಸಿವೆ. ಎರಡನೆಯದನ್ನು ಧರ್ಮದ ಇತಿಹಾಸಕ್ಕೆ ಬಿಟ್ಟುಕೊಟ್ಟಿವೆ. ಎರಡನ್ನೂ ಕೂಡಿಸಿ ಓದಿದಾಗಲೇ ದಂಡನಾಯಕನೆಂಬ ಪದವಿಯು ಆ ಸಮಾಜದಲ್ಲಿ ಹೊತ್ತಿದ್ದ ಪೂರ್ಣಭಾರ ನಮಗೆ ತಿಳಿದೀತು.